ಹಿರಿಯರ ಔಷಧೋಪಚಾರ: ಮನೆಯವರ ನಿತ್ಯ ಕಾಯಕ

ನಮ್ಮ ಮನೆಗಳಲ್ಲಿ ಹಿರಿಯರ ಸ್ಥಾನ ದೊಡ್ಡದು. ಬೆಳಗಿನ ಲಿಂಗಪೂಜೆಯ ಶಿಸ್ತಿನಿಂದ ಹಿಡಿದು ಮಕ್ಕಳ ಮದುವೆಯ ಮಾತುಕತೆಯವರೆಗೆ ಅವರ ಸಲಹೆಯಿಲ್ಲದೆ ಮನೆ ನಡೆಯದು. ಆ ಹಿರಿಯರಿಗೆ ಅರವತ್ತು, ಎಪ್ಪತ್ತು ವರ್ಷ ದಾಟಿದಂತೆ ರಕ್ತದೊತ್ತಡ, ಮಧುಮೇಹ, ಹೃದಯದ ತೊಂದರೆ, ಮೊಣಕಾಲು ನೋವು ಒಂದೊಂದಾಗಿ ಜೊತೆಗೂಡುತ್ತವೆ. ಮಕ್ಕಳು ಅವರನ್ನು ಒಳ್ಳೆಯ ವೈದ್ಯರ ಬಳಿಗೆ ಕರೆದೊಯ್ಯುತ್ತಾರೆ. ಹಣಕ್ಕೆ ಹಿಂದೆಮುಂದೆ ನೋಡದೆ ಔಷಧಿಗಳನ್ನು ಕೊಳ್ಳುತ್ತಾರೆ. ತಿಂಗಳಿಗೆ ಸಾಕಾಗುವಷ್ಟು ಮಾತ್ರೆಗಳನ್ನು ತಂದಿಟ್ಟು ಸಮಾಧಾನಪಡುತ್ತಾರೆ. ಆದರೆ ತಂದಿಟ್ಟ ಔಷಧಿಗೂ ಒಡಲು ಸೇರಿದ ಔಷಧಿಗೂ ನಡುವೆ ಅಂತರವಿದೆ. ಅನೇಕ ಮನೆಗಳಲ್ಲಿ ಹಿರಿಯರ ಆರೋಗ್ಯ ಕೆಡುವುದು ಔಷಧಿಯ ಕೊರತೆಯಿಂದಲ್ಲ, ಈ ಅಂತರದಿಂದ.

ಇದು ನಮ್ಮ ನಾಡಿನ ಸಮಸ್ಯೆ ಮಾತ್ರವಲ್ಲ. ದೀರ್ಘಕಾಲದ ಕಾಯಿಲೆಯುಳ್ಳವರಲ್ಲಿ ವೈದ್ಯರು ಹೇಳಿದಂತೆ ಔಷಧಿ ಸೇವಿಸುವವರು ಮುಂದುವರಿದ ದೇಶಗಳಲ್ಲಿಯೂ ಸರಾಸರಿ ಅರ್ಧದಷ್ಟು ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರ ವರದಿಯಲ್ಲಿ ತಿಳಿಸಿತ್ತು. ಔಷಧಿಯಿಂದಲೇ ಆಗುವ ಹಾನಿಯನ್ನು ತಡೆಯುವುದಕ್ಕಾಗಿ ಅದೇ ಸಂಸ್ಥೆ 2017ರಲ್ಲಿ ಜಾಗತಿಕ ಅಭಿಯಾನವೊಂದನ್ನು ಕೈಗೊಂಡಿತು. ನಮ್ಮ ದೇಶದಲ್ಲಿ 2007ರ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕ್ಷೇಮಾಭಿವೃದ್ಧಿ ಕಾಯಿದೆಯು ಅನ್ನ, ವಸ್ತ್ರ, ವಸತಿಗಳ ಜೊತೆಗೆ ವೈದ್ಯಕೀಯ ಚಿಕಿತ್ಸೆಯನ್ನೂ ಪೋಷಣೆಯ ಭಾಗವೆಂದು ಹೇಳಿದೆ. ಆದರೆ ರಾತ್ರಿ ಎಂಟು ಗಂಟೆಯ ಮಾತ್ರೆಯನ್ನು ಎಂಟು ಗಂಟೆಗೆ ಕೈಗಿಡುವ ಕೆಲಸವನ್ನು ಯಾವ ಕಾಯಿದೆಯೂ ಮಾಡಲಾರದು. ಅದು ಮನೆಯವರ ಕೆಲಸ.

ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನವರು ವೈದ್ಯವೃತ್ತಿಯನ್ನೇ ಕಾಯಕವಾಗಿ ಸ್ವೀಕರಿಸಿದವರು. ಕಾಯಕವೆಂದರೆ ಮನಸ್ಸು ಬಂದಾಗ ಮಾಡುವ ಉಪಕಾರವಲ್ಲ. ನಿತ್ಯವೂ, ತಪ್ಪದೆ, ಹೊಣೆಯರಿತು ಮಾಡುವ ದುಡಿಮೆ. ಹಿರಿಯರಿಗೆ ಔಷಧಿ ಕೊಡುವುದನ್ನು ಈ ಅರ್ಥದಲ್ಲಿ ಕಾಯಕವೆಂದು ತಿಳಿದು, ಮನೆಯ ಒಬ್ಬ ಸದಸ್ಯರು ಅದರ ಹೊಣೆಯನ್ನು ಹೊರಬೇಕು. ಎಲ್ಲರ ಕೆಲಸವೆಂದುಕೊಂಡದ್ದು ಯಾರ ಕೆಲಸವೂ ಆಗದೆ ಉಳಿಯುತ್ತದೆ. ಮಗ ಕೊಟ್ಟನೆಂದು ಸೊಸೆ, ಸೊಸೆ ಕೊಟ್ಟಳೆಂದು ಮಗ ತಿಳಿದುಕೊಂಡ ದಿನ ಅಜ್ಜನಿಗೆ ಮಾತ್ರೆ ಸಿಗುವುದಿಲ್ಲ. ಇಬ್ಬರೂ ಕೊಟ್ಟ ದಿನ ಎರಡು ಸಲ ಸಿಗುತ್ತದೆ. ಎರಡೂ ಅಪಾಯವೇ.

ವೃದ್ಧ ದೇಹದ ಸ್ಥಿತಿ

ಯೌವನದಲ್ಲಿ ಸಹಿಸಿಕೊಳ್ಳುವಷ್ಟು ಔಷಧಿಯನ್ನು ವೃದ್ಧಾಪ್ಯದ ದೇಹ ಸಹಿಸಲಾರದು. ಔಷಧಿಯನ್ನು ಕರಗಿಸಿ ಹೊರಹಾಕುವ ಯಕೃತ್ತು ಮತ್ತು ಮೂತ್ರಪಿಂಡಗಳ ಶಕ್ತಿ ವಯಸ್ಸಾದಂತೆ ಕುಗ್ಗುತ್ತದೆ. ಆದ್ದರಿಂದ ಔಷಧಿಯ ಅಂಶ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ರಕ್ತದೊತ್ತಡದ ಮಾತ್ರೆ ಸೇವಿಸುವವರು ಹಾಸಿಗೆಯಿಂದ ಒಮ್ಮೆಲೇ ಎದ್ದರೆ ಕಣ್ಣು ಕತ್ತಲೆ ಬಂದು ಬೀಳಬಹುದು. ನಿದ್ರೆಯ ಮಾತ್ರೆ ಸೇವಿಸಿದವರು ನಡುರಾತ್ರಿ ಮೂತ್ರಕ್ಕೆ ಎದ್ದು ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದುಂಟು. ಮೂತ್ರವನ್ನು ಹೆಚ್ಚಿಸುವ, ಜನರು ‘ನೀರಿನ ಮಾತ್ರೆ’ ಎನ್ನುವ ಔಷಧಿಯನ್ನು ಸಾಮಾನ್ಯವಾಗಿ ಬೆಳಿಗ್ಗೆಯೇ ಕೊಡುವಂತೆ ವೈದ್ಯರು ಹೇಳುವುದು ಇದೇ ಕಾರಣಕ್ಕೆ.

ಕಾಯಿಲೆಗಳು ಹೆಚ್ಚಿದಂತೆ ವೈದ್ಯರೂ ಹೆಚ್ಚುತ್ತಾರೆ. ಹೃದಯಕ್ಕೆ ಒಬ್ಬರು, ಸಕ್ಕರೆ ಕಾಯಿಲೆಗೆ ಇನ್ನೊಬ್ಬರು, ಮೂಳೆಗೆ ಮತ್ತೊಬ್ಬರು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ತಿಳಿದಿರುವುದಿಲ್ಲ. ಒಂದೇ ಔಷಧಿಯನ್ನು ಹಲವು ಕಂಪನಿಗಳು ಹಲವು ವ್ಯಾಪಾರಿ ಹೆಸರುಗಳಲ್ಲಿ ಮಾರುವುದರಿಂದ, ಇಬ್ಬರು ವೈದ್ಯರು ಬರೆದ ಎರಡು ಬೇರೆ ಹೆಸರಿನ ಮಾತ್ರೆಗಳು ವಾಸ್ತವವಾಗಿ ಒಂದೇ ಆಗಿರುವ ಸಂಭವವಿದೆ. ಆಗ ಹಿರಿಯರು ತಿಳಿಯದೆ ಇಮ್ಮಡಿ ಔಷಧಿ ಸೇವಿಸುತ್ತಾರೆ. ಮಾತ್ರೆಯ ಪಟ್ಟಿಯ ಮೇಲೆ ವ್ಯಾಪಾರಿ ಹೆಸರಿನ ಹತ್ತಿರದಲ್ಲೇ ಮೂಲ ಔಷಧಿಯ ಹೆಸರನ್ನು ಮುದ್ರಿಸಿರುತ್ತಾರೆ. ಅದನ್ನು ಓದಿ ಹೋಲಿಸುವ ಅಭ್ಯಾಸವನ್ನು ಮನೆಯ ವಿದ್ಯಾವಂತ ಮಕ್ಕಳು ಬೆಳೆಸಿಕೊಳ್ಳಬೇಕು. 2008ರಲ್ಲಿ ಆರಂಭವಾದ ಜನೌಷಧಿ ಕೇಂದ್ರಗಳಲ್ಲಿ ಮೂಲ ಹೆಸರಿನಲ್ಲಿಯೇ ಔಷಧಿಗಳು ಕಡಿಮೆ ಬೆಲೆಗೆ ದೊರೆಯುತ್ತವೆ. ಅಲ್ಲಿಂದ ತಂದಾಗ ಹಳೆಯ ಹೆಸರಿನ ಮಾತ್ರೆಯನ್ನು ಪಕ್ಕಕ್ಕೆ ತೆಗೆದಿಡಬೇಕು. ಇಲ್ಲವಾದರೆ ಹಳೆಯದೂ ಹೊಸದೂ ಎರಡೂ ಒಡಲು ಸೇರುತ್ತವೆ.

ಮೊದಲ ಹೆಜ್ಜೆ: ಒಂದೇ ಪಟ್ಟಿ

ಒಂದು ದಿನ ಬಿಡುವು ಮಾಡಿಕೊಂಡು ಮನೆಯಲ್ಲಿರುವ ಹಿರಿಯರ ಔಷಧಿಗಳನ್ನೆಲ್ಲ ಒಂದು ಚೀಲದಲ್ಲಿ ಒಟ್ಟುಗೂಡಿಸಿರಿ. ಕಪಾಟಿನಲ್ಲಿರುವುದು, ದಿಂಬಿನ ಕೆಳಗಿರುವುದು, ಪ್ರಯಾಣದ ಚೀಲದಲ್ಲಿ ಉಳಿದಿರುವುದು, ಕಣ್ಣಿನ ಹನಿ, ಮುಲಾಮು, ಟಾನಿಕ್, ನಾಟಿ ವೈದ್ಯರು ಕೊಟ್ಟ ಚೂರ್ಣ, ನೆರೆಯವರು ‘ನನಗೆ ಗುಣವಾಯಿತು’ ಎಂದು ಕೊಟ್ಟ ಗುಳಿಗೆ, ಎಲ್ಲವೂ ಬರಲಿ. ಆ ಚೀಲವನ್ನು ಹಾಗೆಯೇ ವೈದ್ಯರ ಮುಂದಿಟ್ಟು, ಯಾವುದು ಬೇಕು, ಯಾವುದು ಬೇಡ ಎಂದು ಕೇಳಿ ತಿಳಿಯಿರಿ. ವರ್ಷಗಳ ಹಿಂದೆ ಹದಿನೈದು ದಿನಕ್ಕೆಂದು ಬರೆದುಕೊಟ್ಟ ಮಾತ್ರೆಯನ್ನು ಇಂದಿಗೂ ಸೇವಿಸುತ್ತಿರುವ ಹಿರಿಯರು ನಮ್ಮ ನಡುವೆ ಇದ್ದಾರೆ. ಆದರೆ ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ಮನೆಯವರೇ ನಿಲ್ಲಿಸಬಾರದು. ಕೆಲವನ್ನು ಥಟ್ಟನೆ ನಿಲ್ಲಿಸುವುದು ಅಪಾಯಕರ.

ಉಳಿದ ಔಷಧಿಗಳಿಗೆ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರಗಳ ಕನ್ನಡ ಪಟ್ಟಿ ಮಾಡಿರಿ. ಔಷಧಿಯ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಕಾಯಿಲೆಗೆ, ಯಾವ ಹೊತ್ತಿಗೆ, ಊಟಕ್ಕೆ ಮೊದಲೋ ಅನಂತರವೋ, ಎಂದಿನಿಂದ ಆರಂಭ, ಯಾವ ಔಷಧಿ ಒಗ್ಗುವುದಿಲ್ಲ ಎಂಬ ವಿವರಗಳಿರಲಿ. ಒಂದು ಪ್ರತಿ ಗೋಡೆಯ ಮೇಲೆ, ಇನ್ನೊಂದು ಹಿರಿಯರ ಕಿಸೆಯಲ್ಲಿ ಅಥವಾ ಕೈಚೀಲದಲ್ಲಿ, ಮತ್ತೊಂದು ದೂರದಲ್ಲಿರುವ ಮಕ್ಕಳ ಬಳಿ ಇರಲಿ. ಯಾವ ವೈದ್ಯರ ಬಳಿಗೆ ಹೋದರೂ ಮೊದಲು ಈ ಪಟ್ಟಿಯನ್ನು ತೋರಿಸಬೇಕು. ಆಸ್ಪತ್ರೆಯಿಂದ ಬಿಡುಗಡೆಯಾಗಿ ಮನೆಗೆ ಬಂದ ದಿನವಂತೂ ಹಳೆಯ ಪಟ್ಟಿಯನ್ನೂ ಹೊಸ ಚೀಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲೇಬೇಕು. ಹೆಚ್ಚಿನ ಗೊಂದಲ ಹುಟ್ಟುವುದು ಆಗಲೇ.

ಓದಲು ಬಾರದ ಹಿರಿಯರು ಮಾತ್ರೆಯನ್ನು ಬಣ್ಣದಿಂದ ಗುರುತಿಸುತ್ತಾರೆ. ಬೆಳಗಿನದು ಬಿಳಿಯದು, ರಾತ್ರಿಯದು ಕೆಂಪು ಎಂಬುದು ಅವರ ಲೆಕ್ಕ. ಕಂಪನಿ ಬದಲಾದರೆ ಬಣ್ಣವೂ ಬದಲಾಗುತ್ತದೆ, ಲೆಕ್ಕವೂ ತಪ್ಪುತ್ತದೆ. ಆದ್ದರಿಂದ ಹೊಸ ಮಾತ್ರೆ ತಂದ ದಿನವೇ ಅದನ್ನು ಕೈಯಲ್ಲಿಟ್ಟು ತೋರಿಸಿ ಹೇಳಬೇಕು. ಪಟ್ಟಿಯ ಮೇಲೆ ಬೆಳಗಿಗೆ ಸೂರ್ಯನ ಚಿತ್ರ, ರಾತ್ರಿಗೆ ಚಂದ್ರನ ಚಿತ್ರ ಬರೆದು ಅಂಟಿಸಿದರೆ ಅಕ್ಷರ ಬಾರದವರಿಗೂ ಅನುಕೂಲ. ಅಂಗಡಿಯವರು ಮಾತ್ರೆಯ ಪಟ್ಟಿಯನ್ನು ಕತ್ತರಿಸಿ ನಾಲ್ಕೈದನ್ನು ಕೊಟ್ಟಾಗ ಹೆಸರು, ಅವಧಿ ಮುಗಿಯುವ ದಿನಾಂಕಗಳು ಕತ್ತರಿಸಿ ಹೋಗಿರುತ್ತವೆ. ಸಾಧ್ಯವಾದಷ್ಟೂ ಪೂರ್ಣ ಪಟ್ಟಿಯನ್ನೇ ಕೊಳ್ಳಬೇಕು. ಇಲ್ಲವಾದರೆ ಹೆಸರು ಮತ್ತು ದಿನಾಂಕವನ್ನು ಲಕೋಟೆಯ ಮೇಲೆ ಬರೆಸಿಕೊಳ್ಳಬೇಕು.

ಪೂಜೆ, ಪ್ರಸಾದ ಮತ್ತು ಔಷಧಿಯ ಹೊತ್ತು

ನಮ್ಮ ಅನೇಕ ಹಿರಿಯರು ಸ್ನಾನ ಮಾಡಿ, ವಿಭೂತಿ ಧರಿಸಿ, ಇಷ್ಟಲಿಂಗ ಪೂಜೆ ಮುಗಿಸುವವರೆಗೆ ಹನಿ ನೀರನ್ನೂ ಮುಟ್ಟುವುದಿಲ್ಲ. ಜೀವಮಾನವಿಡೀ ನಡೆಸಿಕೊಂಡು ಬಂದ ಈ ನಿಯಮವನ್ನು ಗೌರವಿಸುವುದು ನಮ್ಮ ಧರ್ಮ. ಆದರೆ ‘ಬೆಳಿಗ್ಗೆ ಒಂದು’ ಎಂದು ಚೀಟಿ ಬರೆಯುವ ವೈದ್ಯರಿಗೆ ಈ ನಿಯಮ ತಿಳಿದಿರುವುದಿಲ್ಲ, ನಾವೂ ಹೇಳುವುದಿಲ್ಲ. ಇಲ್ಲಿಯೇ ತಪ್ಪು ನಡೆಯುತ್ತದೆ.

ಮಧುಮೇಹದ ಔಷಧಿಯನ್ನೇ ತೆಗೆದುಕೊಳ್ಳಿರಿ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮೊದಲಾದ ಮಾತ್ರೆಗಳೂ ಊಟಕ್ಕೆ ಮುಂಚಿನ ಇನ್ಸುಲಿನ್ ಚುಚ್ಚುಮದ್ದೂ ರಕ್ತದ ಸಕ್ಕರೆಯನ್ನು ಇಳಿಸುತ್ತವೆ. ಅವುಗಳ ಹಿಂದೆಯೇ ಆಹಾರ ಒಡಲು ಸೇರಬೇಕು. ಒಂದು ಮನೆಯನ್ನು ಊಹಿಸಿಕೊಳ್ಳೋಣ. ಅಜ್ಜಿಗೆ ಬೆಳಿಗ್ಗೆ ಏಳಕ್ಕೆ ಇನ್ಸುಲಿನ್ ಕೊಟ್ಟರು. ಅವರು ಅನಂತರ ಸ್ನಾನಕ್ಕೆ ಹೋಗಿ, ಪೂಜೆಗೆ ಕುಳಿತು, ಎದ್ದದ್ದು ಒಂಬತ್ತಕ್ಕೆ. ಈ ಎರಡು ಗಂಟೆಗಳಲ್ಲಿ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಮೈ ಬೆವರುವುದು, ಕೈ ನಡುಗುವುದು, ಎದೆ ಬಡಿತ ಹೆಚ್ಚುವುದು, ಮಾತು ತೊದಲುವುದು, ಮಂಕು ಕವಿಯುವುದು ಇದರ ಲಕ್ಷಣಗಳು. ಕಣ್ಣು ಮುಚ್ಚಿ ಕುಳಿತ ಅಜ್ಜಿಯನ್ನು ನೋಡಿ ಮನೆಯವರು ಧ್ಯಾನದಲ್ಲಿ ತಲ್ಲೀನರಾಗಿದ್ದಾರೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ಅವರು ಪ್ರಜ್ಞೆ ತಪ್ಪುವ ಅಂಚಿನಲ್ಲಿರಬಹುದು.

ಆದುದರಿಂದ ಇಂತಹ ಔಷಧಿಗೆ ಒಂದು ಸರಳ ಕ್ರಮವಿರಲಿ. ಮೊದಲು ಸ್ನಾನ, ಪೂಜೆ. ಉಪಾಹಾರ ಸಿದ್ಧವಾದ ಮೇಲೆ ಔಷಧಿ. ವೈದ್ಯರು ಹೇಳಿದ ಅಂತರದಲ್ಲಿ ಪ್ರಸಾದ. ಒಲೆಯ ಮೇಲೆ ಏನೂ ಇಲ್ಲದಿರುವಾಗ ಇನ್ಸುಲಿನ್ ಚುಚ್ಚಲೇಬಾರದು. ಹಿಂದಿನ ರಾತ್ರಿ ಇನ್ಸುಲಿನ್ ಪಡೆದವರಿಗೆ ಬೆಳಗಿನ ದೀರ್ಘ ಪೂಜೆಯ ಹೊತ್ತಿನಲ್ಲಿಯೂ ಸಕ್ಕರೆ ಕುಸಿಯುವ ಸಂಭವವಿದೆ. ಪೂಜೆಯ ಸ್ಥಳದ ಸಮೀಪ ಒಂದು ಪುಟ್ಟ ಡಬ್ಬಿಯಲ್ಲಿ ಸಕ್ಕರೆ ಇಟ್ಟಿರಿ. ಮನೆಯವರೊಬ್ಬರು ನಡುನಡುವೆ ಕಣ್ಣಾಡಿಸಿ ಮಾತನಾಡಿಸುತ್ತಿರಿ. ಲಕ್ಷಣಗಳು ಕಂಡೊಡನೆ ಮೂರು ನಾಲ್ಕು ಟೀ ಚಮಚೆ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಹದಿನೈದು ನಿಮಿಷದಲ್ಲಿ ಚೇತರಿಕೆ ಕಾಣದಿದ್ದರೆ ಇನ್ನೊಮ್ಮೆ ಕೊಟ್ಟು, ಅನಂತರ ಆಹಾರ ನೀಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು; ಕೂಡಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು. ಮಾತ್ರೆಯಿಂದ ಸಕ್ಕರೆ ಕುಸಿದಿದ್ದರೆ, ಚೇತರಿಸಿಕೊಂಡ ಮೇಲೂ ಕೆಲವು ಗಂಟೆಗಳಲ್ಲಿ ಮತ್ತೆ ಕುಸಿಯಬಹುದಾದ್ದರಿಂದ ವೈದ್ಯರನ್ನು ಕಾಣಲೇಬೇಕು.

ಥೈರಾಯ್ಡ್ ಮಾತ್ರೆಯ ಕ್ರಮವೇ ಬೇರೆ. ಅದನ್ನು ಖಾಲಿ ಹೊಟ್ಟೆಯಲ್ಲಿ ನೀರಿನೊಡನೆ ಸೇವಿಸಿ, ಅರ್ಧದಿಂದ ಒಂದು ಗಂಟೆಯವರೆಗೆ ಕಾಫಿ, ಚಹ, ತಿಂಡಿ ಯಾವುದನ್ನೂ ಮುಟ್ಟಬಾರದು. ಪೂಜೆಗೆ ಮುನ್ನ ನೀರು ಕುಡಿಯದವರು ಬೆಳಿಗ್ಗೆ ಬೇಗನೆ ಪೂಜೆ ಮುಗಿಸಿ, ಕೂಡಲೇ ಮಾತ್ರೆ ನುಂಗಿ, ಅಂತರ ಬಿಟ್ಟು ಚಹ ಸೇವಿಸಬಹುದು. ಸುಣ್ಣದಂಶದ ಹಾಗೂ ಕಬ್ಬಿಣಾಂಶದ ಮಾತ್ರೆಗಳಿದ್ದರೆ ಅವುಗಳಿಗೂ ಥೈರಾಯ್ಡ್ ಮಾತ್ರೆಗೂ ನಡುವೆ ನಾಲ್ಕು ಗಂಟೆಗಳ ಅಂತರವಿರಬೇಕು. ಪೂಜೆಯ ನಿಯಮವನ್ನು ವೈದ್ಯರಿಗೆ ಸಂಕೋಚವಿಲ್ಲದೆ ತಿಳಿಸಿದರೆ ಅವರೇ ಹೊತ್ತನ್ನು ಹೊಂದಿಸಿಕೊಡುತ್ತಾರೆ.

ಶಿವರಾತ್ರಿಯ ಉಪವಾಸ, ಶ್ರಾವಣ ಸೋಮವಾರದ ಒಪ್ಪೊತ್ತು, ಜಾತ್ರೆಯ ದಿನ ತಡವಾಗುವ ದಾಸೋಹ, ಇವೆಲ್ಲವೂ ಊಟದ ಹೊತ್ತನ್ನು ಬದಲಿಸುತ್ತವೆ. ಮಧುಮೇಹಿಗಳು ಉಪವಾಸ ಮಾಡಬಹುದೇ, ಮಾಡುವುದಾದರೆ ಆ ದಿನ ಔಷಧಿ ಎಷ್ಟು ಎಂಬುದನ್ನು ವಾರ ಮುಂಚಿತವಾಗಿಯೇ ವೈದ್ಯರಲ್ಲಿ ಕೇಳಿಕೊಳ್ಳಬೇಕು. ಕಾಯವನ್ನು ಪ್ರಸಾದಕಾಯವೆಂದು ಕಂಡ ಶರಣರ ಪರಂಪರೆ ನಮ್ಮದು. ದೇಹವನ್ನು ಸಂಕಟಕ್ಕೊಡ್ಡಿ ಮಾಡುವ ವ್ರತಕ್ಕಿಂತ, ದೇಹವನ್ನು ಕಾಪಾಡಿಕೊಂಡು ಮಾಡುವ ಪೂಜೆ ಆ ಪರಂಪರೆಗೆ ಹತ್ತಿರವಾದದ್ದು ಎಂದು ಹಿರಿಯರಿಗೆ ನಯವಾಗಿ ತಿಳಿಸಬೇಕು. ಅವರು ಗೌರವಿಸುವ ಸ್ವಾಮಿಗಳ ಬಾಯಿಂದ ಈ ಮಾತು ಬಂದರೆ ಇನ್ನೂ ಒಳ್ಳೆಯದು.

ಕ್ಯಾಪ್ಸೂಲಿನ ಸಂದೇಹ

ಸಸ್ಯಾಹಾರದ ನಿಷ್ಠೆಯುಳ್ಳ ಹಿರಿಯರು ಕ್ಯಾಪ್ಸೂಲ್ ನುಂಗಲು ಹಿಂಜರಿಯುವುದುಂಟು. ಅವರ ಸಂದೇಹ ನಿರಾಧಾರವಲ್ಲ. ಬಹುಪಾಲು ಕ್ಯಾಪ್ಸೂಲುಗಳ ಹೊರಕವಚ ಪ್ರಾಣಿಗಳ ಚರ್ಮ, ಮೂಳೆಗಳಿಂದ ತಯಾರಿಸಿದ ಜೆಲಟಿನ್‌ನಿಂದ ಆಗಿರುತ್ತದೆ. ಮನೆಯವರು ‘ಔಷಧಿಗೆ ಮಡಿಯೇ?’ ಎಂದು ಗದರಿದರೆ, ಹಿರಿಯರು ಎದುರಾಡದೆ ಕ್ಯಾಪ್ಸೂಲನ್ನು ಕಿಟಕಿಯಾಚೆ ಎಸೆದು ಸುಮ್ಮನಾಗುತ್ತಾರೆ. ಇದರಿಂದ ವೈದ್ಯರು ಔಷಧಿ ಫಲಿಸಲಿಲ್ಲವೆಂದು ತಿಳಿದು ಪ್ರಮಾಣ ಹೆಚ್ಚಿಸುವ ಅನಾಹುತವೂ ಆಗಬಹುದು. ಅದಕ್ಕೆ ಬದಲಾಗಿ ಅದೇ ಔಷಧಿ ಮಾತ್ರೆಯ, ಪುಡಿಯ ಅಥವಾ ದ್ರವದ ರೂಪದಲ್ಲಿದೆಯೇ, ಸಸ್ಯಮೂಲದ ಕವಚದ್ದು ದೊರೆಯುತ್ತದೆಯೇ ಎಂದು ವೈದ್ಯರನ್ನು ಕೇಳಬೇಕು. ಎಷ್ಟೋ ಔಷಧಿಗಳಿಗೆ ಇಂತಹ ಬದಲಿ ಉಂಟು. ಕವಚವನ್ನು ಬಿಚ್ಚಿ ಒಳಗಿನದನ್ನು ಮಾತ್ರ ಸೇವಿಸುವ ಉಪಾಯವನ್ನು ವೈದ್ಯರನ್ನು ಕೇಳದೆ ಮಾಡಬಾರದು. ಕೆಲವು ಔಷಧಿಗಳು ನಿಧಾನವಾಗಿ ಕರಗುವಂತೆ, ಇಲ್ಲವೆ ಜಠರವನ್ನು ದಾಟಿದ ಮೇಲೆ ಕರಗುವಂತೆ ತಯಾರಾಗಿರುತ್ತವೆ. ಅವುಗಳನ್ನು ಕುಟ್ಟಿ, ಪುಡಿ ಮಾಡಿ, ಮುರಿದು ಕೊಟ್ಟರೆ ಕೆಡುಕಾಗುತ್ತದೆ.

ವಿಶೇಷ ಎಚ್ಚರ ಬೇಡುವ ಔಷಧಿಗಳು

ಕೆಲವು ಔಷಧಿಗಳನ್ನು ವಾರಕ್ಕೆ ಒಮ್ಮೆ ಮಾತ್ರ ಸೇವಿಸಬೇಕು. ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಅಂಥದು. ಅದನ್ನು ತಪ್ಪಿ ದಿನವೂ ಸೇವಿಸಿದರೆ ರಕ್ತಕಣಗಳು ಕುಸಿದು ಪ್ರಾಣಕ್ಕೇ ಸಂಚಕಾರ ಬರುತ್ತದೆ. ‘ಸೋಮವಾರ ಮಾತ್ರ’ ಎಂಬಂತೆ ವಾರದ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆದು, ಆ ಪಟ್ಟಿಯನ್ನು ನಿತ್ಯದ ಮಾತ್ರೆಗಳಿಂದ ಬೇರೆಯೇ ಇಡಬೇಕು. 60,000 ಯೂನಿಟ್ ಶಕ್ತಿಯ ಡಿ ಜೀವಸತ್ವವನ್ನೂ ಸಾಮಾನ್ಯವಾಗಿ ವಾರಕ್ಕೊಮ್ಮೆ, ಅದೂ ವೈದ್ಯರು ಹೇಳಿದಷ್ಟು ವಾರ ಮಾತ್ರ ಸೇವಿಸಬೇಕು. ಮೂಳೆ ಸವೆತಕ್ಕೆ ವಾರಕ್ಕೊಮ್ಮೆ ಕೊಡುವ ಅಲೆಂಡ್ರೊನೇಟ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಒಂದು ತುಂಬಿದ ಲೋಟ ನೀರಿನೊಡನೆ ನುಂಗಿ ಅರ್ಧ ಗಂಟೆ ಮಲಗದೆ ನೆಟ್ಟಗೆ ಇರಬೇಕು. ಇಲ್ಲವಾದರೆ ಅನ್ನನಾಳ ಹುಣ್ಣಾಗಬಹುದು.

ರಕ್ತ ಹೆಪ್ಪುಗಟ್ಟದಂತೆ ವಾರ್‌ಫರಿನ್ ಅಥವಾ ಅಸಿನೊಕೂಮರಾಲ್ ಸೇವಿಸುವವರು ನಿಗದಿತ ಕಾಲಕ್ಕೆ ರಕ್ತಪರೀಕ್ಷೆ ಮಾಡಿಸಲೇಬೇಕು. ಇವರು ನೋವಿನ ಮಾತ್ರೆಯನ್ನು ತಾವಾಗಿಯೇ ಕೊಂಡು ಸೇವಿಸಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಭಯವಿದೆ. ಮೊಣಕಾಲು ನೋವಿಗೆ ಅಂಗಡಿಯಿಂದ ತರುವ ಡೈಕ್ಲೊಫೆನಾಕ್ ಮುಂತಾದ ಮಾತ್ರೆಗಳು ಮೂತ್ರಪಿಂಡಕ್ಕೂ ರಕ್ತದೊತ್ತಡಕ್ಕೂ ಹಾನಿಕರ. ನೆಗಡಿಯ ಕೆಲವು ಮಾತ್ರೆಗಳು ವೃದ್ಧ ಪುರುಷರಲ್ಲಿ ಮೂತ್ರ ಕಟ್ಟಿಸುತ್ತವೆ, ಮರುಳುತನ ತರುತ್ತವೆ. ನಾಟಿ ಔಷಧಿಯಾದ ಮಾತ್ರಕ್ಕೆ ನಿರಪಾಯವೆಂದು ತಿಳಿಯಬಾರದು. ಜೇಷ್ಠಮಧುವನ್ನು ದಿನವೂ ಹೆಚ್ಚಾಗಿ ಸೇವಿಸಿದರೆ ರಕ್ತದೊತ್ತಡ ಏರುತ್ತದೆ.

ಇನ್ಸುಲಿನ್ ವಿಷಯದಲ್ಲಿ ಇನ್ನೊಂದು ಎಚ್ಚರ. ನಮ್ಮ ದೇಶದಲ್ಲಿ ಮಿಲಿ ಲೀಟರಿಗೆ 40 ಯೂನಿಟ್ ಹಾಗೂ 100 ಯೂನಿಟ್ ಎಂಬ ಎರಡು ಬಗೆಯ ಇನ್ಸುಲಿನ್ ದೊರೆಯುತ್ತದೆ. ಅವಕ್ಕೆ ತಕ್ಕಂತೆ ಸಿರಿಂಜುಗಳೂ ಎರಡು ಬಗೆ. ಸಾಮಾನ್ಯವಾಗಿ 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರ ಸಿರಿಂಜಿಗೆ ಕಿತ್ತಳೆ ಮುಚ್ಚಳವಿರುತ್ತದೆ. 100ರ ಸೀಸೆಯಿಂದ 40ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಇನ್ಸುಲಿನ್ ದೇಹ ಸೇರುತ್ತದೆ. ಸೀಸೆ, ಸಿರಿಂಜುಗಳ ಮೇಲಿನ ಸಂಖ್ಯೆಯನ್ನು ಪ್ರತಿ ಸಲವೂ ಓದಿ ಹೋಲಿಸಬೇಕು. ತೆರೆಯದ ಇನ್ಸುಲಿನನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿ ಉಷ್ಣತೆಯಲ್ಲಿ ಇಡಬೇಕೇ ಹೊರತು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಅಲ್ಲ. ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

ಇಡುವ ಬಗೆ, ಕೊಡುವ ಬಗೆ

ಔಷಧಿಗಳನ್ನು ಒಲೆಯ ಬಳಿ, ಬಚ್ಚಲುಮನೆಯಲ್ಲಿ, ದೀಪ ಉರಿಯುವ ಜಗಲಿಯ ಮೇಲೆ ಇಡಬಾರದು. ಶಾಖ ಮತ್ತು ತೇವ ಅವನ್ನು ಕೆಡಿಸುತ್ತವೆ. ಮೊಮ್ಮಕ್ಕಳ ಕೈಗೆಟುಕದ ಎತ್ತರದಲ್ಲಿಯೇ ಇರಲಿ. ಅಜ್ಜಿಯ ಸೆರಗಿನ ಗಂಟಿನಲ್ಲಿರುವ ಸಕ್ಕರೆ ಕಾಯಿಲೆಯ ಒಂದೇ ಒಂದು ಮಾತ್ರೆ ಪುಟ್ಟ ಮಗುವಿನ ಪ್ರಾಣಕ್ಕೆ ಎರವಾಗಬಲ್ಲದು. ವಾರದ ಏಳು ದಿನಗಳಿಗೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಎಂದು ಮನೆಗಳಿರುವ ಮಾತ್ರೆಪೆಟ್ಟಿಗೆ ಅಂಗಡಿಗಳಲ್ಲಿ ದೊರೆಯುತ್ತದೆ. ಹೊಣೆ ಹೊತ್ತವರು ವಾರಕ್ಕೊಮ್ಮೆ ಕುಳಿತು ಅದನ್ನು ತುಂಬಿಸಿದರೆ, ಕೊಟ್ಟದ್ದು, ಬಿಟ್ಟದ್ದು ಒಂದು ನೋಟಕ್ಕೆ ತಿಳಿಯುತ್ತದೆ. ಗಾಳಿ, ತೇವ ತಾಗಬಾರದ ಮಾತ್ರೆಗಳನ್ನು ಪಟ್ಟಿಯಿಂದ ಬಿಡಿಸದೆ, ಪಟ್ಟಿಯ ತುಂಡಾಗಿಯೇ ಪೆಟ್ಟಿಗೆಯಲ್ಲಿಡಬೇಕು.

ಒಂದು ಹೊತ್ತಿನ ಮಾತ್ರೆ ಮರೆತುಹೋದರೆ ಮುಂದಿನ ಹೊತ್ತಿಗೆ ಎರಡನ್ನು ಒಟ್ಟಿಗೆ ಕೊಡಕೂಡದು. ಬೇಗ ನೆನಪಾದರೆ ಕೊಡಬಹುದು. ಮುಂದಿನ ಹೊತ್ತು ಸಮೀಪಿಸಿದ್ದರೆ ಬಿಟ್ಟುಬಿಡಬೇಕು ಎಂಬುದು ಸಾಮಾನ್ಯ ನಿಯಮ. ಇನ್ಸುಲಿನ್, ರಕ್ತ ತೆಳುಗೊಳಿಸುವ ಔಷಧಿ, ಮೂರ್ಛೆರೋಗದ ಔಷಧಿಗಳ ವಿಷಯದಲ್ಲಿ ಮರೆತಾಗ ಏನು ಮಾಡಬೇಕೆಂದು ವೈದ್ಯರಿಂದ ಮೊದಲೇ ಬರೆಸಿಟ್ಟುಕೊಳ್ಳುವುದು ಲೇಸು. ಔಷಧಿ ಮುಗಿಯುವ ವಾರ ಮುಂಚೆಯೇ ತಂದಿಡಬೇಕು. ರಕ್ತದೊತ್ತಡ, ಮಧುಮೇಹಗಳ ಔಷಧಿಗಳನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ಬಡ ಬಂಧುಗಳಿಗೆ ಈ ವಿಷಯ ತಿಳಿಸುವುದೂ ದಾಸೋಹವೇ.

ದೂರದಲ್ಲಿರುವ ಮಕ್ಕಳಿಗೆ

ಮಗ ಬೆಂಗಳೂರಿನಲ್ಲಿ, ಮಗಳು ಅಮೆರಿಕದಲ್ಲಿ, ತಂದೆತಾಯಿ ಊರಿನಲ್ಲಿ ಇಬ್ಬರೇ ಇರುವ ಮನೆಗಳು ಇಂದು ಎಲ್ಲೆಡೆ ಇವೆ. ದೂರವಾಣಿಯಲ್ಲಿ ‘ಅವ್ವಾ, ಗುಳಿಗೆ ತಗೊಂಡ್ಯಾ?’ ಎಂದರೆ ‘ತಗೊಂಡೆನಪ್ಪ’ ಎಂಬ ಉತ್ತರವೇ ಬರುತ್ತದೆ. ಮಕ್ಕಳಿಗೆ ಚಿಂತೆ ಹಚ್ಚಬಾರದೆಂಬುದು ತಾಯಿಯ ಕರುಳು. ಅದಕ್ಕಿಂತ ‘ಪಟ್ಟಿಯಲ್ಲಿ ಎಷ್ಟು ಉಳಿದಿವೆ, ಎಣಿಸಿ ಹೇಳು’ ಎಂದು ಕೇಳಿದರೆ ನಿಜಸ್ಥಿತಿ ತಿಳಿಯುತ್ತದೆ. ವಾರಕ್ಕೊಮ್ಮೆ ಮೊಬೈಲಿನ ವಿಡಿಯೊ ಕರೆಯಲ್ಲಿ ಮಾತ್ರೆಪೆಟ್ಟಿಗೆಯನ್ನೇ ನೋಡಬಹುದು. ಮೊಬೈಲಿನಲ್ಲಿ ಗಂಟೆ ಬಾರಿಸುವಂತೆ ಹೊಂದಿಸಿಕೊಡಬಹುದು. ಊರಿನ ಔಷಧಿ ಅಂಗಡಿಯವರ ಮತ್ತು ಬೀಗಿ ಕೊಟ್ಟ ಹಾಗೆ ನಂಬುವ ಒಬ್ಬ ನೆರೆಯವರ ದೂರವಾಣಿ ಸಂಖ್ಯೆ ಮಕ್ಕಳ ಬಳಿ ಇರಬೇಕು. ಯಂತ್ರ ನೆನಪಿಸಬಲ್ಲದು, ಮೈದಡವಿ ಮಾತ್ರೆ ಕೊಡಲು ಮನುಷ್ಯರೇ ಬೇಕು. ಹಿರಿಯರಿಗೆ ನೆರವು, ಮಾಹಿತಿ ಒದಗಿಸುವ ರಾಷ್ಟ್ರೀಯ ಸಹಾಯವಾಣಿ 14567ನ್ನೂ ಬರೆದಿಟ್ಟುಕೊಳ್ಳಬಹುದು.

ಅವರ ಮನಸ್ಸನ್ನು ಅರಿಯುವುದು

ಹಿರಿಯರು ಔಷಧಿ ಬಿಡುವುದಕ್ಕೆ ಮರೆವೊಂದೇ ಕಾರಣವಲ್ಲ. ‘ಸಕ್ಕರೆ ಹತೋಟಿಗೆ ಬಂತಲ್ಲ, ಇನ್ನೇಕೆ?’ ಎಂಬ ತಿಳಿವಳಿಕೆ ಇರುತ್ತದೆ. ಹತೋಟಿಗೆ ಬಂದದ್ದು ಔಷಧಿಯಿಂದಲೇ, ಬಿಟ್ಟರೆ ಮತ್ತೆ ಏರುತ್ತದೆ ಎಂದು ಬಿಡಿಸಿ ಹೇಳಬೇಕು. ಹೆಚ್ಚು ಮಾತ್ರೆ ತಿಂದರೆ ಮೂತ್ರಪಿಂಡ ಕೆಡುತ್ತದೆಂಬ ಹೆದರಿಕೆ ಇರುತ್ತದೆ. ಹತೋಟಿ ತಪ್ಪಿದ ರಕ್ತದೊತ್ತಡ, ಮಧುಮೇಹಗಳೇ ಮೂತ್ರಪಿಂಡವನ್ನು ಕೆಡಿಸುತ್ತವೆಂದು ವೈದ್ಯರ ಬಾಯಿಂದ ಹೇಳಿಸಬೇಕು. ಬಸ್ಸಿನಲ್ಲಿ ಮೂತ್ರದ ಅವಸರ ಬಂದೀತೆಂದು ಪ್ರಯಾಣದ ದಿನ ಮಾತ್ರೆ ಬಿಡುವವರಿದ್ದಾರೆ. ಹೊತ್ತು ಬದಲಿಸಬಹುದೇ ಎಂದು ಕೇಳಬೇಕು. ನುಂಗಲು ಕಷ್ಟ, ಕಣ್ಣು ಮಂಜು, ನಡುಗುವ ಕೈ, ಇವೆಲ್ಲಕ್ಕೂ ಒಂದೊಂದು ಉಪಾಯವಿದೆ. ಎಲ್ಲಕ್ಕಿಂತ ದೊಡ್ಡ ಕಾರಣ, ‘ನನ್ನಿಂದ ಮಕ್ಕಳಿಗೆ ಎಷ್ಟು ಖರ್ಚು’ ಎಂಬ ನೋವು. ಒಂದು ಮಾತ್ರೆಯನ್ನು ಎರಡು ದಿನಕ್ಕೆ ಮುರಿದು ನುಂಗುವ ತಾಯಂದಿರಿದ್ದಾರೆ. ಬೆಲೆಯ ಮಾತನ್ನು ಅವರೆದುರು ಆಡದಿರುವುದೇ ಇದಕ್ಕೆ ಮೊದಲ ಮದ್ದು.

ಮಾತ್ರೆ ಕೊಡುವಾಗ ಗದರಿಕೆ ಸಲ್ಲದು. ಮಕ್ಕಳಿಗೆ ಕೊಟ್ಟಂತೆ ಕೊಟ್ಟರೆ ಅವರ ಅಭಿಮಾನ ನೋಯುತ್ತದೆ. ತಾವೇ ತೆಗೆದುಕೊಳ್ಳಬಲ್ಲವರು ತಾವೇ ತೆಗೆದುಕೊಳ್ಳಲಿ, ನಾವು ದೂರದಿಂದ ನೋಡಿಕೊಳ್ಳೋಣ. ಮರೆವಿನ ಕಾಯಿಲೆ ಬಂದವರಿಗೆ ಮಾತ್ರ ಔಷಧಿಯನ್ನು ಅವರ ಕೈಗೆ ಬಿಡದೆ, ಎದುರಿಗೇ ಕುಳಿತು ನುಂಗಿಸಬೇಕು. ಹೊಸ ಔಷಧಿ ಆರಂಭಿಸಿದ ದಿನಗಳಲ್ಲಿ ತಲೆಸುತ್ತು, ಬೀಳುವುದು, ಹಠಾತ್ ಮರುಳುಮಾತು, ಕಪ್ಪಾದ ಮಲ, ಮೈಮೇಲೆ ಗಂದೆ ಕಂಡರೆ ‘ವಯಸ್ಸಾಯಿತು’ ಎಂದು ಕಡೆಗಣಿಸದೆ ವೈದ್ಯರಿಗೆ ತಿಳಿಸಬೇಕು. ಅದು ವಯಸ್ಸಿನ ದೋಷವಾಗಿರದೆ ಔಷಧಿಯ ದೋಷವಾಗಿರಬಹುದು.

ಸಮಾಜ ಮಾಡಬಹುದಾದದ್ದು

ಬೆಳಗಾವಿಯ ಕೆ.ಎಲ್.ಇ. ಸಂಸ್ಥೆ, ಬಾಗಲಕೋಟೆಯ ಬಸವೇಶ್ವರ ವಿದ್ಯಾವರ್ಧಕ ಸಂಘ, ವಿಜಯಪುರದ ಬಿ.ಎಲ್.ಡಿ.ಇ., ಮೈಸೂರಿನ ಜೆ.ಎಸ್.ಎಸ್. ಮಹಾವಿದ್ಯಾಪೀಠ ಮುಂತಾದವು ವೈದ್ಯಕೀಯ ಕಾಲೇಜುಗಳನ್ನೂ ಔಷಧವಿಜ್ಞಾನ ಕಾಲೇಜುಗಳನ್ನೂ ನಡೆಸುತ್ತಿವೆ. ಊರೂರಿನ ಮಠಗಳಲ್ಲಿ, ಬಸವ ಸಮಿತಿಗಳಲ್ಲಿ ಶಿವಾನುಭವ ಗೋಷ್ಠಿಗಳು ನಡೆಯುತ್ತಿವೆ. ಇವೆರಡೂ ಕೈಗೂಡಿಸಿದರೆ ದೊಡ್ಡ ಉಪಕಾರವಾದೀತು. ತಿಂಗಳಿಗೊಮ್ಮೆ ಗೋಷ್ಠಿ ಮುಗಿದ ಮೇಲೆ ಹಿರಿಯರು ತಮ್ಮ ಔಷಧಿ ಚೀಲದೊಡನೆ ಬರಲಿ; ಔಷಧವಿಜ್ಞಾನ ಬಲ್ಲ ಒಬ್ಬರು ಕುಳಿತು ಅವಧಿ ಮುಗಿದದ್ದು, ಎರಡು ಸಲ ಬಂದದ್ದು, ಹೊತ್ತು ತಪ್ಪಿದ್ದು ಯಾವುದೆಂದು ಗುರುತಿಸಿ, ವೈದ್ಯರಲ್ಲಿ ಏನನ್ನು ಕೇಳಬೇಕೆಂದು ಬರೆದುಕೊಡಲಿ. ಇದಕ್ಕೆ ಕಟ್ಟಡ ಬೇಡ, ದೊಡ್ಡ ನಿಧಿಯೂ ಬೇಡ. ಒಂದು ಮೇಜು, ಎರಡು ಕುರ್ಚಿ, ಒಂದು ತಾಳ್ಮೆಯ ಮನಸ್ಸು ಸಾಕು.

ನಮಗೆ ನಡೆಯಲು ಬಾರದಿದ್ದಾಗ ಹೊತ್ತು ಹೊತ್ತಿಗೆ ಉಣಿಸಿ, ಜ್ವರ ಬಂದ ರಾತ್ರಿ ಎಚ್ಚರವಿದ್ದು ಮದ್ದು ಕುಡಿಸಿದ ಕೈಗಳು ಇಂದು ನಡುಗುತ್ತಿವೆ. ಆ ಕೈಗಳಿಗೆ ಸರಿಯಾದ ಮಾತ್ರೆಯನ್ನು, ಸರಿಯಾದ ಹೊತ್ತಿಗೆ, ಒಂದು ಲೋಟ ನೀರಿನೊಡನೆ ಇಡುವುದಕ್ಕೆ ದಿನಕ್ಕೆ ಹೆಚ್ಚೆಂದರೆ ಹತ್ತು ನಿಮಿಷ ಬೇಕು. ಈ ಲೇಖನವನ್ನು ಓದಿದ ಪ್ರತಿಯೊಂದು ಮನೆಯಲ್ಲಿ ಇಂದೇ ಒಬ್ಬರು ‘ಇದು ನನ್ನ ಕಾಯಕ’ ಎಂದು ಹೊಣೆ ಹೊತ್ತು, ಆ ಔಷಧಿ ಚೀಲವನ್ನು ಬಿಚ್ಚಿ ನೋಡಲಿ.